ಅಪ್‌ಡೇಟ್: ವಿನ್ನಿಪೆಗ್ ಚಳಿಯಲ್ಲಿ ಹಿರಿಯ ಮಿಷನರಿ ದಂಪತಿಯ ವಾರ

ಹೋದ ತಿಂಗಳು ಕೇಳಿದ್ದು ಇಷ್ಟು: ಲ್ಯಾಟರ್-ಡೇ ಸೇಂಟ್ಸ್ (ಮಾರ್ಮನ್) ಚರ್ಚಿನ ಸೇವೆಗೆ ಕೆನಡಾದ ವಿನ್ನಿಪೆಗ್‌ಗೆ ಹೋಗುವ ಹಿರಿಯ ದಂಪತಿ ಜನವರಿಯ ವಾರವನ್ನು ಹೇಗೆ ಹೊಂದಿಸಿಕೊಳ್ಳಬೇಕು? ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ಕೆಲಸಕ್ಕೆ ಬಂದದ್ದು ಇಲ್ಲಿದೆ.

ವೇಳಾಪಟ್ಟಿ ದೊಡ್ಡ ತಲೆನೋವಲ್ಲ. ಸೋಮವಾರ ಬಟ್ಟೆ, ದಿನಸಿ, ಭಾನುವಾರ ಸಭೆ, ನಡುವೆ ಆಫೀಸು, ಸದಸ್ಯರ ಭೇಟಿ, ಯುವ ಮಿಷನರಿಗಳ ಫ್ಲ್ಯಾಟ್ ತಪಾಸಣೆ. ಧರ್ಮಪ್ರಚಾರಕ್ಕೆ ಬಾಗಿಲು ಬಾಗಿಲು ತಟ್ಟುವ ಕೆಲಸ ಹಿರಿಯರಿಗೆ ಕಡ್ಡಾಯವಲ್ಲ, ಈ ಚಳಿಯಲ್ಲಿ ಅದೇ ಪುಣ್ಯ.

ವಾರ ಕೆಡಿಸುವುದು ಕಾರು. ಮೈನಸ್ 15 ಡಿಗ್ರಿಗಿಂತ ಕೆಳಗಿಳಿದರೆ ಬ್ಲಾಕ್ ಹೀಟರ್ (ಎಂಜಿನ್ ಬೆಚ್ಚಗಿಡುವ ವಿದ್ಯುತ್ ಹೀಟರ್) ಪ್ಲಗ್ ಹಾಕಿ. ರಾತ್ರಿಯಿಡೀ ಬೇಡ, ಟೈಮರ್ ಇಟ್ಟು ಹೊರಡುವ 3-4 ಗಂಟೆ ಮೊದಲು ಸಾಕು. ಅದು ಬಿಸಿ ಮಾಡುವುದು ಎಂಜಿನ್ನಿನ ಕೂಲಂಟ್ ದ್ರವವನ್ನು, ಬ್ಯಾಟರಿಯನ್ನಲ್ಲ. ಹಾಗಾಗಿ ಬ್ಯಾಟರಿ ಸೋತಿದ್ದರೆ ಹೀಟರ್ ಇದ್ದೂ ಕಾರು ಏಳುವುದಿಲ್ಲ. ಉಷ್ಣಾಂಶ 5-6 ಡಿಗ್ರಿ ಇಳಿದಾಗಲೆಲ್ಲ ಟೈರಿನ ಒತ್ತಡ ಸುಮಾರು 1 ಪಿಎಸ್‌ಐ ಕುಸಿಯುತ್ತದೆ. ಓಡಿಸುವ ಮೊದಲೇ ಅಳೆಯಿರಿ. ಗಾಜು ತೊಳೆಯುವ ದ್ರವ ಮೈನಸ್ 40ರವರೆಗೂ ಹೆಪ್ಪುಗಟ್ಟದ್ದೇ ಇರಲಿ. ಹೊಗೆ ಕೊಳವೆಯ ಸುತ್ತಲಿನ ಹಿಮ ತೆಗೆಯದೆ ಎಂಜಿನ್ ಚಾಲೂ ಮಾಡಬೇಡಿ, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಒಳಗೆ ತುಂಬುತ್ತದೆ.

ಫ್ಲ್ಯಾಟ್ ತಪಾಸಣೆಗೂ ಅದೇ ಅನಿಲದ ಭಯ. ಮೊದಲು ಆ ಅನಿಲ ಪತ್ತೆಮಾಡುವ ಅಲಾರಂನ ಟೆಸ್ಟ್ ಗುಂಡಿ ಒತ್ತಿ, ಆಮೇಲೆ ಹೊರಗೆ ಫರ್ನೇಸಿನ (ಮನೆ ಬಿಸಿ ಮಾಡುವ ಒಲೆ) ಕೊಳವೆ ಹಿಮದಲ್ಲಿ ಮುಚ್ಚಿದೆಯೇ ನೋಡಿ. ಹುಡುಗರು ಬಟ್ಟೆ ಒಳಗೇ ಒಣಹಾಕಿ, ಅಡುಗೆಮನೆ ಫ್ಯಾನ್ ಹಾಕದಿದ್ದರೆ ಕಿಟಕಿಯಲ್ಲಿ ನೀರಿಳಿದು ಬೂಷ್ಟು ಹಿಡಿಯುತ್ತದೆ. ಬಿಸಿಗಾಳಿಯ ಜಾಲರಿಗೆ ಮಂಚ ಅಡ್ಡ ಇಟ್ಟಿರುವುದೂ ಮಾಮೂಲು.