ಎಮ್ಮೆಗೆ ಬರೆ ಹಾಕದ ರೋಬೋ

ನೋವು ಮಂಡಿಯಲ್ಲಿ, ಉರಿ ಹೊಟ್ಟೆಯಲ್ಲಿ. ಸೀನನ ತಕರಾರು ಇಷ್ಟೇ. ಮಂಡಿನೋವಿನ ಮಾತ್ರೆ ನೆಟ್ಟಗೆ ಮಂಡಿಗೆ ಹೋಗಬೇಕಲ್ವಾ? ಅದು ಮೈಯೆಲ್ಲ ಸುತ್ತಿ, ಹೊಟ್ಟೆಗೆ ಬೆಂಕಿ ಇಟ್ಟು, ಪುರುಸೊತ್ತು ಸಿಕ್ಕರೆ ಮಂಡಿ ಕಡೆ ತಲೆ ಹಾಕುತ್ತದಂತೆ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂದ್ರೆ ಇದೇ ಕಣೋ ಬಸಣ್ಣ."

"ಅದಕ್ಕೇ ಜೊತೆಗೆ ಗ್ಯಾಸಿಂದೂ ಕೊಟ್ಟಿದೀನಲ್ಲಪ್ಪಾ," ಎಂದ ಮೆಡಿಕಲ್ ಶಾಪ್ ಬಸಣ್ಣ. ಬರೆ ಹಾಕೋನೂ ಅವನೇ, ಮುಲಾಮು ಮಾರೋನೂ ಅವನೇ.

ಗಿರಿಜಾ ಮೇಡಂ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿ ರಿಟೈರ್ ಆದವರು. ಬೆನ್ನ ಹಿಂದೆ ಈಗಲೂ ಕಪ್ಪು ಹಲಗೆ ಇದೆ ಅನ್ನೋ ಹಾಗೇ ಮಾತಾಡುತ್ತಾರೆ. "ಎಮ್ಮೆ ತಂಟೆಗೆ ಹೋಗದೆ ಎತ್ತಿನ ಹತ್ತಿರಾನೇ ಹೋಗೋ ರೋಬೋ ಮಾಡ್ತಿದಾರೆ ಸೀನ. ಸಣ್ಣದು, ಮೆತ್ತಗಿರೋದು."

"ಕಬ್ಬಿಣದ ಡಬ್ಬ ನುಂಗಬೇಕಾ ಮೇಡಂ?"

"ಡಬ್ಬ ಯಾಕೆ? 2018ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ, ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ತೋರಿಸಿದ್ದು ಒಂದು ರಬ್ಬರ್ ಚೂರು. ಉದ್ದ 4 ಮಿಲಿಮೀಟರ್ ಕೂಡ ಇಲ್ಲ. ಒಳಗೆ ಅಯಸ್ಕಾಂತದ ಪುಡಿ. ಹೊರಗಿಂದ ಕಾಂತಕ್ಷೇತ್ರ ತಿರುಗಿಸಿದ್ರೆ ನಡೆಯುತ್ತೆ, ಉರುಳುತ್ತೆ, ಈಜುತ್ತೆ, ನೆಗೆಯುತ್ತೆ. ಬ್ಯಾಟರಿ ಇಲ್ಲ, ಮೋಟಾರೂ ಇಲ್ಲ."

"ಅರ್ಧ ದಾರಿಯಲ್ಲಿ ಕರೆಂಟ್ ಹೋದ್ರೆ?"

ನಮ್ಮೂರಲ್ಲಿ ಇದು ತಮಾಷೆಯ ಪ್ರಶ್ನೆ ಅಲ್ಲ. ಮೇಡಂ ಒಂದು ಗಳಿಗೆ ಸುಮ್ಮನಾದರು. "ಹೊಟ್ಟೇಲಿದ್ರೆ ಅಲ್ಲೇ ಕೂರುತ್ತೆ. ರಕ್ತದಲ್ಲಿದ್ರೆ ರಕ್ತ ಕರೆದ ಕಡೆ ಹೋಗುತ್ತೆ."

"ಯುಪಿಎಸ್ ಇರೋ ಆಸ್ಪತ್ರೆಗೇ ಹೋಗಬೇಕು," ಎಂದು ಬಸಣ್ಣ ತೀರ್ಪು ಕೊಟ್ಟ.

ಆಮೇಲೆ ಬಂತು 2016ರ ಕಥೆ. ಅಮೆರಿಕದ ಎಂಐಟಿಯಲ್ಲಿ ಡ್ಯಾನಿಯೆಲಾ ರೂಸ್ ಅವರ ತಂಡ ಮಡಚಿದ ಹಾಳೆಯಂಥ ಒಂದು ರೋಬೋ ಮಾಡಿ, ಮಂಜುಗಡ್ಡೆಯ ಗುಳಿಗೆಯೊಳಗೆ ಇಟ್ಟರು. ಮಂಜು ಕರಗಿದರೆ ಹಾಳೆ ಬಿಚ್ಚಿಕೊಳ್ಳುತ್ತದೆ. ಮಕ್ಕಳು ಆಟದ ಸಾಮಾನಿನ ಬಟನ್ ಸೆಲ್ ನುಂಗಿಬಿಡುತ್ತಾರಲ್ಲ, ಅದನ್ನು ಹೊಟ್ಟೆಯ ಗೋಡೆಯಿಂದ ಎಳೆದು ಬಿಡಿಸಬೇಕು, ಗಾಯದ ಮೇಲೆ ಔಷಧಿ ಇಡಬೇಕು ಅನ್ನೋದು ಲೆಕ್ಕಾಚಾರ. ಪರೀಕ್ಷೆ ಮಾಡಿದ್ದು ಸಿಲಿಕೋನ್ ರಬ್ಬರಿನ ನಕಲಿ ಹೊಟ್ಟೆಯಲ್ಲಿ. ಅದರೊಳಗಿನ ಆಮ್ಲಕ್ಕೆ ಬದಲಾಗಿ ನೀರಿಗೆ ನಿಂಬೆರಸ ಹಿಂಡಿದ್ದರು.

"ನಿಂಬೆ ಶರಬತ್ತಿನಲ್ಲಿ ರೋಬೋ! ಪರವಾಗಿಲ್ಲ," ಸೀನ ಖುಷಿಯಾದ. "ಹಾಳೆ ಯಾವುದರದ್ದು?"

"ಒಣಗಿಸಿದ ಹಂದಿ ಕರುಳು. ಸಾಸೇಜ್ ಮಾಡೋಕೆ ಬಳಸ್ತಾರಲ್ಲ, ಅದು."

ಸೀನ ಎದ್ದೇ ನಿಂತ. ಅವರ ಮನೆಯಲ್ಲಿ ಈರುಳ್ಳಿಗೂ ವಾರಕ್ಕೊಮ್ಮೆ ರಜೆ. "ಮಂಡಿ ಹೋದ್ರೂ ಸರಿ, ನಾನು ಅದನ್ನ ಮುಟ್ಟಲ್ಲ!"

ಬಸಣ್ಣ ಗಂಟಲು ಸರಿಮಾಡಿಕೊಂಡ. "ಕೂತ್ಕೊಳ್ಳೋ. ದಿನಾ ಬೆಳಿಗ್ಗೆ ಗ್ಯಾಸಿಗೆ ಕ್ಯಾಪ್ಸೂಲ್ ನುಂಗ್ತೀಯಲ್ಲ, ಅದರ ಹೊರಗಿನ ಬಣ್ಣದ ಚಿಪ್ಪು ಯಾವುದರದ್ದು ಅಂದ್ಕೊಂಡಿದ್ದೆ? ಜೆಲಾಟಿನ್. ದನದ್ದೋ ಹಂದಿದೋ, ಮೂಳೆ ಚರ್ಮ ಬೇಯಿಸಿ ತೆಗೀತಾರೆ."

"ಇಷ್ಟು ವರ್ಷ ಯಾಕೋ ಹೇಳಲಿಲ್ಲ?"

"ನೀನು ರೇಟ್ ಬಿಟ್ಟು ಬೇರೆ ಏನಾದ್ರೂ ಕೇಳಿದ್ದೀಯಾ?"

ಮಾತು ಜಗಳಕ್ಕೆ ತಿರುಗುವ ಮುಂಚೆ ನಾನು ಈಜಿನ ಕಡೆ ಎಳೆದೆ. ಇಷ್ಟು ಚಿಕ್ಕದು ಈಜೋದು ಹೇಗೆ? ಮೇಡಂ ಮುಖ ಅರಳಿತು. ಗಾತ್ರ ಚಿಕ್ಕದಾದಷ್ಟೂ ನೀರು ಬೆಲ್ಲದ ಪಾಕದ ಹಾಗೆ ಹಿಡಿದುಕೊಳ್ಳುತ್ತದಂತೆ. ಕೈ ಮುಂದೆ ಬಡಿದರೆ ಎಷ್ಟು ಹೋದೆವೋ, ಅದೇ ದಾರಿಯಲ್ಲಿ ಕೈ ವಾಪಸ್ ತಂದರೆ ಅಷ್ಟೇ ಹಿಂದಕ್ಕೆ. ಕಪ್ಪೆಚಿಪ್ಪು ಬಾಯಿ ತೆರೆದು ಮುಚ್ಚಿದರೆ ಅಲ್ಲಿ ಎಲ್ಲಿಗೂ ಹೋಗಲ್ಲ ಎಂದು ಭೌತವಿಜ್ಞಾನಿ ಎಡ್ವರ್ಡ್ ಪರ್ಸೆಲ್ 1977ರಲ್ಲೇ ಬರೆದರು. ಅದಕ್ಕೇ ಸ್ಕ್ರೂ ಹಾಗೆ ತಿರುಗುತ್ತಾ ಹೋಗಬೇಕು.

"ಬೆಂಗಳೂರಿನ ಐಐಎಸ್‌ಸಿಯಲ್ಲಿ ಅಂಬರೀಷ್ ಘೋಷ್ ಅವರ ತಂಡ ಮಾಡಿರೋದು ಅಂಥದ್ದೇ. ಕಿತ್ತ ಹಲ್ಲಿನ ಸಣ್ಣ ಸಣ್ಣ ಕೊಳವೆಗಳೊಳಗೆ ತಿರುಗಿಸಿಕೊಂಡು ಹೋಗಿ, ಬಿಸಿ ಮಾಡಿ, ಬ್ಯಾಕ್ಟೀರಿಯಾ ಸಾಯಿಸಿ ತೋರಿಸಿದ್ರು." ಇದು ಸಿಲಿಕಾದ್ದು, ಅಂದರೆ ಗಾಜಿನಂಥದ್ದು, ಮೆತ್ತಗಿನ ಜಾತಿ ಅಲ್ಲ. ಆದರೆ ನಮ್ಮವರದ್ದಲ್ವಾ, ಹರಟೆಯಲ್ಲಿ ಒಂದು ಸೀಟು ಕೊಟ್ಟೆವು.

ಮೆತ್ತಗಿನದರಲ್ಲಿ ನನಗೆ ಹಿಡಿಸಿದ್ದು ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯದು, 2024ರದ್ದು. ಹೈಡ್ರೋಜೆಲ್‌ನ, ಅಂದರೆ ನೀರು ತುಂಬಿಕೊಂಡ ಮೆತ್ತನೆ ಜೆಲ್‌ನ ಒಂದು ಗುಂಡು. ಅಗಲ 30 ಮೈಕ್ರಾನ್, ಅಂದರೆ ಕೂದಲೆಳೆಯ ಅರ್ಧವೂ ಇಲ್ಲ. ಒಳಗೆ ಒಂದು ಗಾಳಿಗುಳ್ಳೆ. ಅಲ್ಟ್ರಾಸೌಂಡ್ ಬಿಟ್ಟರೆ ಗುಳ್ಳೆ ಅದುರಿ ಗುಂಡನ್ನು ತಳ್ಳುತ್ತದೆ. ಅದೇ ಗುಳ್ಳೆಯಿಂದ ರೋಬೋ ಎಲ್ಲಿದೆ ಅನ್ನೋದು ಸ್ಕ್ಯಾನ್‌ನಲ್ಲೂ ಕಾಣುತ್ತದೆ. ಒಂದೇ ಗುಳ್ಳೆಗೆ ಎರಡು ಕೆಲಸ, ಸಂಬಳ ಒಂದೇ. ಇಲಿಗಳ ಮೂತ್ರಕೋಶದ ಗೆಡ್ಡೆಗೆ ಔಷಧಿ ಹೊತ್ತುಕೊಂಡು ಹೋಗಿ, ಗೆಡ್ಡೆ ಕುಗ್ಗಿಸಿ, ಆಮೇಲೆ ತಾನೂ ಕರಗುತ್ತದೆ. 2025ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ವಿಜ್ಞಾನಿಗಳು ಇನ್ನೊಂದು ಜೆಲ್ ಗುಂಡನ್ನು ಹಂದಿ, ಕುರಿಗಳ ಮೈಯೊಳಗೂ ಓಡಿಸಿದ್ದಾರೆ.

"ಮೊದಲು ಇಲಿ, ಆಮೇಲೆ ಹಂದಿ, ಆಮೇಲೆ ಕುರಿ, ಆಮೇಲೆ ಸೀನ," ಎಂದ ಬಸಣ್ಣ.

"ಕರಗದೇ ಇರೋದೂ ಇರುತ್ತಲ್ವಾ? ಅದು ಹೊರಗೆ ಬರೋದು ಹೇಗೆ?" ಸೀನ ಅಷ್ಟು ಸುಲಭಕ್ಕೆ ಬಿಡೋನಲ್ಲ.

ಮೇಡಂ ಫೋನಿನಲ್ಲಿ ಹಾಂಗ್‌ಕಾಂಗ್‌ನ ವಿಡಿಯೋ ಹಾಕಿದರು. ಕಂದು ಬಣ್ಣದ ಲೋಳೆ ರೋಬೋ ಒಂದು ತೆವಳಿಕೊಂಡು ಹೋಗಿ ತಂತಿ ಚೂರನ್ನು ಅಪ್ಪಿಕೊಳ್ಳುತ್ತಿತ್ತು. ಹೊರಗೆ ಬರೋ ವಿಚಾರ ಕೇಳಿದ್ದಕ್ಕೆ ಇದನ್ನೇ ಯಾಕೆ ತೋರಿಸಿದರು ಅಂತ ನೋಡಿದವರಿಗೆ ಗೊತ್ತಾಗುತ್ತದೆ, ನಾನು ಬಿಡಿಸಿ ಹೇಳಲ್ಲ. 2022ರ ಏಪ್ರಿಲ್ ಒಂದರ ಹೊತ್ತಿಗೇ ಸುದ್ದಿ ಬಂದಿದ್ದರಿಂದ ಜನ ಏಪ್ರಿಲ್ ಫೂಲ್ ಅಂದುಕೊಂಡಿದ್ದರು. ಅಕ್ಕಸಾಲಿಗರು ಬಳಸುವ ಬಿಳಿಗಾರ, ಪಾಲಿವಿನೈಲ್ ಆಲ್ಕೋಹಾಲ್ ಅನ್ನೋ ನೀರಲ್ಲಿ ಕರಗೋ ಪ್ಲಾಸ್ಟಿಕ್, ಅಯಸ್ಕಾಂತದ ಪುಡಿ, ಇಷ್ಟರಲ್ಲೇ ಆಗಿದೆ. ಪುಡಿ ಮೈಗೆ ವಿಷ, ಅದಕ್ಕೇ ಮೇಲೆ ಸಿಲಿಕಾ ಲೇಪ.

ಬಸಣ್ಣನಿಗೆ ವ್ಯಾಪಾರದ ಚಿಂತೆ ಹತ್ತಿತು. "ಈಗ್ಲೇ ಜನ ಸ್ಟ್ರಿಪ್ ಪೂರ್ತಿ ತಗೊಳ್ಳಲ್ಲ. ಎರಡೇ ಎರಡು ಕತ್ತರಿಸಿ ಕೊಡಿ ಅಂತಾರೆ. ನಾಳೆ ಈ ಲೋಳೇನೂ ಅರ್ಧ ಕತ್ತರಿಸಿ ಕೊಡಿ ಅಂದ್ರೆ ಏನ್ ಮಾಡ್ಲಿ?"

"ಧಾರಾಳವಾಗಿ ಕತ್ತರಿಸಿ," ಎಂದರು ಮೇಡಂ, "ಆದ್ರೆ ಎರಡೂ ಚೂರನ್ನ ಒಂದೇ ಡಬ್ಬದಲ್ಲಿ ಹಾಕಬೇಡಿ. ಒಂದಕ್ಕೊಂದು ತಾಗಿದ್ರೆ ಮತ್ತೆ ಕೂಡ್ಕೊಳ್ಳುತ್ತೆ."

"ಹಾಗಾದ್ರೆ ಮಿಕ್ಕ ಅರ್ಧ ನನ್ನ ಹತ್ರಾನೇ ಇರ್ಲಿ ಬಸಣ್ಣ," ಎಂದ ಸೀನ. "ನೀನು ಅದಕ್ಕೂ ಬೇರೆ ಬಿಲ್ ಹಾಕ್ತೀಯ."