ಹಳೇ ಜೂನೊ-106 ಸಿಂಥಸೈಜರ್ (ಕರೆಂಟಿನ ಕೀಬೋರ್ಡ್ ವಾದ್ಯ) ತಗೊಳ್ಳಲೋ ಬ್ಯಾಡೋ? ಅನುಭವ ಇದ್ದಾವ್ರು ಹೇಳ್ರಿ

ಹಾವೇರಿ ಹುಡುಗ: ಶಾರ್ಟ್ ಫಿಲ್ಮಿಗೆ ಸಂಗೀತ ಮಾಡ್ತೀನ್ರಿ. ಕೈಯಾಗ ₹1,20,000 ಐತಿ. ಜಪಾನಿನಾಗ ಒಂದು ಜೂನೊ-106 ಐತಿ, "ಎಲ್ಲಾ ಛಲೋ ನುಡೀತೈತಿ" ಅಂತಾನ ಮಾರಾಂವ. ತರಿಸಲೋ, ಕಂಪ್ಯೂಟರಿನಾಗ ಅಂಥಾದ ಸದ್ದು ಕೊಡೂ ಪ್ಲಗಿನ್‌ನಾಗ ಮುಗಸಲೋ?

ವಿದ್ಯಾನಗರ, ಹುಬ್ಬಳ್ಳಿ: ತಮ್ಮಾ, ಇದ ಮಾತು ನಂಬಿ 2021ರಾಗ ತರಿಸಿದೆ. ಪೆಟ್ಟಿಗಿ ₹95,000, ಸಾಗಣೆ ₹21,000, ಕಸ್ಟಮ್ಸ್ ₹34,600. 100 ವೋಲ್ಟಿಂದು, ಟ್ರಾನ್ಸ್‌ಫಾರ್ಮರಿಗೆ ₹2,800. ಮೂರು ವಾರ ಛಲೋ ನುಡೀತು. ಆಮ್ಯಾಲ ಪ್ರತಿ ಆರನೇ ಸಲ ಕೀ ಒತ್ತಿದಾಗ ಚರಚರ. ಟ್ರಾನ್ಸ್‌ಪೋಸ್ ಒತ್ತಿಹಿಡಿದು ಆನ್ ಮಾಡಿ ನೋಡಿದ್ರ ವಾಯ್ಸ್ 4 (ಒಮ್ಮೆಲೆ ನುಡಿಯೂ ಆರು ಸ್ವರದಾಗ ನಾಕನೇದು). ಮತ್ತೇನು, ಅದ 80017ಎ, ವಾಯ್ಸಿಗೊಂದು ಇರೂ ಚಿಪ್. ಮೂರು ರಿಪೇರಿ ಅಂಗಡಿ ತಿರಗಿದೆ. ಒಬ್ಬಾಂವ ಕಾವು ಹೆಚ್ಚ ಮಾಡಿ ಬೋರ್ಡಿನ ಟ್ರ್ಯಾಕ್ ಎಬ್ಬಿಸಿಬಿಟ್ಟ. ಅವತ್ತು ಊಟಾ ಸೇರಲಿಲ್ಲ. ಕಡೀಗೆ ಆರೂ ಕ್ಲೋನ್ ಚಿಪ್ (ಮೂಲದ ನಕಲು) ತರಿಸಿದೆ, ₹27,000. ಒಟ್ಟ ₹1,80,400. ಆದರೂ ರಾತ್ರಿ ಎರಡನೇ ಕೋರಸ್ ಬಟನ್ ಒತ್ತಿ ಒಂದು ಕಾರ್ಡ್ ಹಿಡಿದ್ರ, ಅದರ ಹಿಂದ ಸಣ್ಣಗ ಸುಯ್ ಅಂತೈತಲ್ಲ, ಮಾರಾಕ ಮನಸ್ಸ ಬರೂದಿಲ್ಲ.

ಸಾಧನಕೇರಿ, ಧಾರವಾಡ: ಕ್ಲೋನ್ ಯಾಕ ಹಾಕಿಸಿದ್ರಿ? ಚಿಪ್ಪಿನ ಮ್ಯಾಲಿನ ಹಳೇ ರಾಳದಾಗ ಕರೆಂಟ್ ಸೋರ್ತದ, ರೋಗ ಅದ. ಅಸಿಟೋನಿನಾಗ ಎರಡು ದಿನ ನೆನಸಿಟ್ರ ರಾಳ ಬಿಡ್ತದ, ಚಿಪ್ ಬದುಕ್ತಾವ. ಹಿತ್ತಲದಾಗ ಕೂತು ಟೂತ್‌ಬ್ರಶ್ಶಿಂದ ತಿಕ್ಕಿ ಐದು ಉಳಿಸೀನಿ, ಖರ್ಚು ₹240. ಆರನೇದರ ಕಾಲು ಮುರೀತು, ಅದೊಂದಕ್ಕ ₹5,200 ಹೋತು. ಮೂಲ ಚಿಪ್ ಒಗದು ಬಿಡೂದು ತಪ್ಪು.

ವಿದ್ಯಾನಗರ, ಹುಬ್ಬಳ್ಳಿ: ಒಗದಿಲ್ರೀ, ಡಬ್ಬಿಯೊಳಗ ಇಟ್ಟೀನಿ. ಟ್ರ್ಯಾಕ್ ಎದ್ದ ಬೋರ್ಡಿನ ಮ್ಯಾಲ ಮತ್ತ ಮತ್ತ ಸೋಲ್ಡರ್ ಹಿಡಿಯಾಕ ನನಗ ಧೈರ್ಯ ಇರಲಿಲ್ಲ.

ಗದಗ: ಜೂನೊದ ಆಸಿಲೇಟರ್ (ಸ್ವರ ಹುಟ್ಟಿಸೂ ಭಾಗ) ನಡಸೂದು ಡಿಜಿಟಲ್ ಕ್ಲಾಕ್. ಅದಕ್ಕ ಅನಲಾಗ್ ಅಂತ ಯಾಕ ಜೀವಾ ತೇಯ್ತೀರಿ? ನನ್ನದು ಎಂಎಸ್-20 ಮಿನಿ, ಒಂದ ಸ್ವರ ನುಡಿಯೂ ಸಿಂಥಸೈಜರ್. 1978ರ ಸರ್ಕ್ಯೂಟು, 2013ರಾಗ ಮತ್ತ ಬಂತು, ಎರಡೂ ಆಸಿಲೇಟರ್ ವಿಸಿಒ, ಅಂದ್ರ ವೋಲ್ಟೇಜಿನ ಮ್ಯಾಲ ನಡಿಯೂವು. ಹೊಸಾದು, ಬಿಲ್ ಸಹಿತ ₹46,000. ಹರ್ಟ್ಸ್-ಪರ್-ವೋಲ್ಟ್ (ಸ್ವರಕ್ಕ ವೋಲ್ಟೇಜ್ ಅಳಿಯೂ ಅದರ ಪದ್ಧತಿ) ಅನ್ನೂದು ಲಕ್ಷ್ಯಕ್ಕ ಬರದ, ಬ್ಯಾರೆ ಪದ್ಧತಿಯ ಸೀಕ್ವೆನ್ಸರ್ (ಸ್ವರಸಾಲು ತಾನ ನುಡಸೂ ಪೆಟ್ಟಿಗಿ) ಜೋಡಿಸಿದೆ. ಮ್ಯಾಲಿನ ಸಪ್ತಕ ಎಂಟು ತಿಂಗಳು ಶ್ರುತಿಗೆ ಬರಲಿಲ್ಲ. ಕನ್ವರ್ಟರಿಗೆ ₹11,500. ಬ್ಯಾಸಗಿ ಮಧ್ಯಾಹ್ನ ಪಿಚ್ ಜರಗತೈತಿ, ತಿರುವಿ ಕೂಡಸಬೇಕು. ತಂಬೂರಿನೂ ಹಂಗ ಅಲ್ಲೇನು?

ವಿದ್ಯಾನಗರ, ಹುಬ್ಬಳ್ಳಿ: ಕ್ಲಾಕು ಪಿಚ್ಚಿಗಷ್ಟ. ವೇವು, ಫಿಲ್ಟರ್, ವಿಸಿಎ (ದನಿ ಏರಿಳಿಸೂದು) ಎಲ್ಲಾ ಅನಲಾಗ್. ತಿಳಕೊಂಡು ಮಾತಾಡ್ರಿ. ಒಂದ ಸ್ವರ ನುಡಿಯೂ ಪೆಟ್ಟಿಗ್ಯಾಗ ಕಾರ್ಡ್ ಹ್ಯಾಂಗ ಹಿಡೀತೀರಿ?

ಗದಗ: ಭೀಮಸೇನ ಜೋಶಿಯವರ ಜಿಲ್ಲಾದಾಂವ ನಾ. ಒಂದ ಸ್ವರ ಸಾಕು. ನಿಮ್ಮ ಆರು ವಾಯ್ಸಿನಾಗ ಒಂದು ಮೀಂಡ್ (ಸ್ವರದಿಂದ ಸ್ವರಕ್ಕ ಜಾರೂದು) ತಗದು ತೋರಸ್ರಿ.

ಸಾಧನಕೇರಿ, ಧಾರವಾಡ: ಜೂನೊ-60ರಾಗ ಇದ್ದಿದ್ದಿಲ್ಲ, 106ರಾಗ ಪೋರ್ಟಮೆಂಟೊ ಅದ.

ಗದಗ: ಪೋರ್ಟಮೆಂಟೊ ಮೀಂಡ್ ಅಲ್ರೀ! ಅದು ಇಟ್ಟ ವೇಗದಾಗ ಜಾರಿ ಹೋಗತೈತಿ. ಮೀಂಡ್ ಎಲ್ಲಿ ತಡೀಬೇಕೋ ಅಲ್ಲಿ ತಡೀತೈತಿ. ಎಡಗೈ ವ್ಹೀಲಿನ ಮ್ಯಾಲ ಭೂಪ ರಾಗದ ಪ-ಗ ಬರಾಕ ನನಗ ಎರಡು ವರ್ಷ ಹಿಡೀತು.

ವಿದ್ಯಾನಗರ, ಹುಬ್ಬಳ್ಳಿ: ರೆಕಾರ್ಡ್ ಮಾಡಿ ಹಾಕ್ರಿ. ಕೇಳಿ ಆಮ್ಯಾಲ ಮಾತಾಡೂಣು.