ಕಥೆ ಹೇಳುವಾಗ ಮಾತ್ರ ಉಗ್ಗುವ ಮಗು: ವಾಕ್ ಚಿಕಿತ್ಸಕಿಗೆ ನಿಮ್ಮ ಪ್ರಶ್ನೆಗಳು

ಹಾಸನದ ಅಮ್ಮ: ಮಗನಿಗೆ ಮೂರೂವರೆ ವರ್ಷ. 'ನೀರು ಕೊಡು' ಅಂತ ಸಲೀಸಾಗಿ ಹೇಳುತ್ತಾನೆ. ಅಂಗನವಾಡಿಯಲ್ಲಿ ಏನಾಯ್ತು ಅಂತ ಹೇಳಲು ಹೊರಟರೆ 'ನಾ-ನಾ-ನಾನು' ಅಂತ ಸಿಕ್ಕಿಕೊಳ್ಳುತ್ತಾನೆ. ಎಂಟು ತಿಂಗಳಾಯ್ತು. ಈಗೀಗ ಬಾಯಿ ತೆರೆದರೂ ದನಿ ಬರುವುದಿಲ್ಲ, ಕಣ್ಣು ಬಿಗಿಯಾಗಿ ಮುಚ್ಚುತ್ತಾನೆ. ನನ್ನ ತಮ್ಮನಿಗೂ ಉಗ್ಗು ಇದೆ.

ಚಿಕಿತ್ಸಕಿ: ಅಮ್ಮ, ಇನ್ನು ಕಾಯಬೇಡಿ. ಉಗ್ಗು ಶುರುವಾದ ಪುಟ್ಟ ಮಕ್ಕಳಲ್ಲಿ ನಾಲ್ಕರಲ್ಲಿ ಮೂರು ಮಕ್ಕಳಿಗೆ ತಾನಾಗಿಯೇ ಹೋಗುತ್ತದೆ, ನಿಜ. ಆದರೆ ನಿಮ್ಮವನು ಗಂಡು ಮಗು, ಮನೆತನದಲ್ಲಿ ಉಗ್ಗಿದೆ, ದನಿ ಕಟ್ಟುತ್ತಿದೆ. ಇವೆಲ್ಲ ಸೇರಿದಾಗ ನನಗೆ ಚಿಂತೆ ಆಗುತ್ತದೆ.

ಕಥೆಯಲ್ಲಿ ಮಾತ್ರ ಯಾಕೆ? ಮಾತು ಉದ್ದವಾದಷ್ಟೂ, ತೊಡಕಾದಷ್ಟೂ ಉಗ್ಗು ಜಾಸ್ತಿ. 'ಅಜ್ಜಿ ಕೊಟ್ಟಿದ್ದ ಚೆಂಡು ಕಳೆದುಹೋಯ್ತು' ಎನ್ನುವಾಗ ಕ್ರಿಯಾಪದ ಬರುವುದು ಕೊನೆಗೆ. ಅಲ್ಲಿವರೆಗೆ ಅವನು ಎಲ್ಲವನ್ನೂ ತಲೆಯಲ್ಲಿ ಹಿಡಿದಿಟ್ಟುಕೊಳ್ಳಬೇಕು. ಪದವೂ ಹಿಂದಿನಿಂದ ಬೆಳೆಯುತ್ತದೆ: ಮನೆ, ಮನೆಯಲ್ಲಿ, ಮನೆಯಲ್ಲಿದ್ದಾಗ. ಆದರೆ ಸಿಕ್ಕಿಕೊಳ್ಳುವುದು ಸಾಮಾನ್ಯವಾಗಿ ಮೊದಲ ಅಕ್ಷರದಲ್ಲೇ. ಇಂಗ್ಲಿಷ್ ಮಾತಾಡುವ ಚಿಕ್ಕ ಮಕ್ಕಳು 'ಆಂಡ್', 'ದ' ಇಂಥ ಪುಟ್ಟ ಪದಗಳಲ್ಲಿ ಜಾಸ್ತಿ ಉಗ್ಗುತ್ತಾರೆ. ನಮ್ಮಲ್ಲಿ ಆ ಕೆಲಸ ಮಾಡುವ 'ಗೆ', 'ಇಂದ', 'ಅಲ್ಲಿ' ಪದದ ಬಾಲಕ್ಕೆ ಅಂಟಿರುತ್ತವೆ. ಅದಕ್ಕೇ ಇಂಗ್ಲಿಷ್ ಪಟ್ಟಿ ಹಿಡಿದು ಕನ್ನಡದ ಮಗುವನ್ನು ಅಳೆಯಬಾರದು. ಭಾಷೆ ಉಗ್ಗು ತರುವುದಿಲ್ಲ, ಅದು ಎಲ್ಲಿ ಕಾಣಿಸುತ್ತದೆ ಅನ್ನುವುದನ್ನು ಬದಲಿಸುತ್ತದೆ.

'ನಿಧಾನ ಹೇಳು' ಅನ್ನಬೇಡಿ. ನೀವೇ ನಿಧಾನವಾಗಿ, ಚಿಕ್ಕ ಮಾತಲ್ಲಿ ಮಾತಾಡಿ. ಅವನು ಮುಗಿಸುವವರೆಗೆ ಕಾಯಿರಿ.

ಧಾರವಾಡದ ಅಜ್ಜ: ಬಜೆ ಬೇರು ತೇಯ್ದು ನಾಲಿಗೆಗೆ ಹಚ್ಚಿ. ಬಾಯಲ್ಲಿ ಬೆಣಚುಕಲ್ಲು ಇಟ್ಟು ಓದಿಸಿ. ಫಾರ್ವರ್ಡ್ ಬಂದಿದೆ.

ಚಿಕಿತ್ಸಕಿ: ಎರಡೂ ಬೇಡ. ಕಲ್ಲು ಗಂಟಲಿಗೆ ಜಾರಿದರೆ ಮಗು ಉಳಿಯುವುದು ಕಷ್ಟ. ದಯವಿಟ್ಟು ಆ ಫಾರ್ವರ್ಡ್ ಅಳಿಸಿ.

ಧಾರವಾಡದ ಅಜ್ಜ: ನಮ್ಮ ಕಾಲದಲ್ಲಿ ಎಲ್ಲರಿಗೂ ಬಜೆ ಹಚ್ಚಿಯೇ ಬೆಳೆಸಿದ್ದು.

ಮಂಡ್ಯದ ಅಪ್ಪ: ಹಾಗಾದರೆ ನಿಮ್ಮ ಕಾಲದಲ್ಲಿ ಉಗ್ಗುವವರೇ ಇರಲಿಲ್ವಾ?

ಧಾರವಾಡದ ಅಜ್ಜ: ದೊಡ್ಡವರ ಜೊತೆ ಹೀಗಾ ಮಾತಾಡೋದು?

ಬೆಂಗಳೂರಿನ ಅಮ್ಮ: ನಾಲಿಗೆ ಕೆಳಗಿನ ಪೊರೆ ಕತ್ತರಿಸಿದರೆ ಸರಿಹೋಗುತ್ತಾ?

ಚಿಕಿತ್ಸಕಿ: ಇಲ್ಲ.

ತುಮಕೂರಿನ ಅಪ್ಪ: ಶಾಲೆಯವರು ಮನೆಯಲ್ಲೂ ಇಂಗ್ಲಿಷ್ ಮಾತಾಡಿ, ಎರಡು ಭಾಷೆಯಿಂದ ಉಗ್ಗು ಬರುತ್ತೆ ಅಂದರು.

ಚಿಕಿತ್ಸಕಿ: ತಪ್ಪು. ಕನ್ನಡ ಬಿಡಬೇಡಿ.

ಮಂಡ್ಯದ ಅಪ್ಪ: ಈ ಶಾಲೆಗಳದ್ದೇ ಕಾಟ.

ಬೆಂಗಳೂರಿನ ಅಮ್ಮ: ಶಾಲೆ ಬೈದು ಏನು ಪ್ರಯೋಜನ? ನಾಳೆ ಕೆಲಸ ಯಾರು ಕೊಡ್ತಾರೆ?

ಶಿವಮೊಗ್ಗದ ಯುವಕ: ನನಗೆ 27. ಇಂಟರ್‌ವ್ಯೂನಲ್ಲಿ ಹೆಸರು ಹೇಳಲೂ ಆಗಲ್ಲ. ಏನು ಮಾಡಲಿ?

ಗದಗದ ಅಮ್ಮ: ಪೊರೆ ಕತ್ತರಿಸಿದರೆ ಆಗುತ್ತಾ ಮೇಡಂ?

ಚಿಕಿತ್ಸಕಿ: ಇಲ್ಲ ಅಂದೆ. ಮೇಲೆ ಓದಿ. ಬಜೆ, ಕಲ್ಲು, ಪೊರೆ ಬಗ್ಗೆ ಇನ್ನು ಉತ್ತರಿಸುವುದಿಲ್ಲ.

ಹಾಸನದ ಅಮ್ಮ: ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೊರಟಿದ್ದೇವೆ. ಏನು ತೆಗೆದುಕೊಂಡು ಹೋಗಲಿ?

ಚಿಕಿತ್ಸಕಿ: ವಿಡಿಯೊ. ಆಟದ ನಡುವೆ ಅವನೇ ಮಾತಾಡುವಾಗ ಎರಡು ನಿಮಿಷ ತೆಗೆಯಿರಿ. ಕ್ಯಾಮೆರಾ ಮುಂದೆ ನಿಲ್ಲಿಸಿ ಹೇಳಿಸಬೇಡಿ.